ಚೆಂಡು ಅವನ ಕೈಯಲ್ಲಿಲ್ಲ

ಜೂನ್ 4

ಅಪ್ಪಾ,

ಫೋನ್ ಮಾಡಿದರೆ ಅಮ್ಮನೇ ಎತ್ತುತ್ತಾಳೆ. ನೀವು ಪಕ್ಕದಲ್ಲಿ ಕೂತು ಕೈಸನ್ನೆ ಮಾಡುತ್ತೀರಿ, ಅವಳು ಅದಕ್ಕೆ ತನಗೆ ತೋಚಿದ ಅರ್ಥ ಹಚ್ಚಿ ನನಗೆ ದಾಟಿಸುತ್ತಾಳೆ. ಮೊನ್ನೆ ನಾನು ಕೇಳಿದ್ದು ಹಳೆಯ ಕ್ರೀಡಾಂಗಣದ ಬಗ್ಗೆ. ಸಿಕ್ಕ ಉತ್ತರ, ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು. ಮೊಬೈಲಿನಲ್ಲಿ ಬರೆಯೋಣವೆಂದರೆ ನಿಮ್ಮ ಹೆಬ್ಬೆರಳು ಒಂದೇ ಸಲಕ್ಕೆ ಮೂರು ಅಕ್ಷರ ಒತ್ತುತ್ತದೆ. ಹಾಗಾಗಿ ಇನ್ನು ಮೇಲೆ ಕಾಗದ. ಅದನ್ನು ಅಮ್ಮ ತಿದ್ದಲಾರಳು.

ವಿಷಯಕ್ಕೆ ಬರುತ್ತೇನೆ. ಈ ಸೀಸನ್ ಮುಗಿಯುವ ಹೊತ್ತಿಗೆ ನಮ್ಮ ರೇಡಿಯೊದಲ್ಲಿ ಒಂದು ದೊಡ್ಡ ಕಾರ್ಯಕ್ರಮವಿದೆ. ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಶುರುವಾದಾಗಿನಿಂದ ಇವತ್ತಿನವರೆಗಿನ ಅತ್ಯುತ್ತಮ ಹತ್ತು ಪಾಯಿಂಟ್ ಗಾರ್ಡ್‌ಗಳು, ಒಂದರಿಂದ ಹತ್ತರವರೆಗೆ ಕ್ರಮವಾಗಿ. ಪಟ್ಟಿ ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಕಾಮೆಂಟರಿಗೆ ಬಂದು ಇನ್ನೂ ವರ್ಷ ತುಂಬದ ನಾನು ಯಾರನ್ನು ಮೇಲೆ ಕೂರಿಸಲಿ, ಯಾರನ್ನು ಕೆಳಗಿಳಿಸಲಿ ಎಂದು ನಿರ್ಮಾಪಕರನ್ನು ಕೇಳಿದೆ. ಅವರು ಟೀ ಹೀರುತ್ತಾ, "ಚೆಂಡನ್ನ ಈ ಕಡೆಯಿಂದ ಆ ಕಡೆಗೆ ತರೋನು ಅವ್ನೇ, ಯಾರಿಗೆ ಯಾವಾಗ ಕೊಡ್ಬೇಕು ಅಂತ ತೀರ್ಮಾನ ಮಾಡೋನೂ ಅವ್ನೇ. ಅಷ್ಟು ಜನಕ್ಕೆ ಗೊತ್ತಿದ್ರೆ ಸಾಕು. ಉಳಿದಿದ್ದೆಲ್ಲ ಜಗಳ. ಜಗಳಕ್ಕೇನೆ ಜನ ರೇಡಿಯೊ ಹಾಕೋದು" ಎಂದರು.

ಆದರೆ ಅವರದೇ ಒಂದು ನಿಯಮವಿದೆ. ಪಟ್ಟಿಯಲ್ಲಿರುವ ಪ್ರತಿಯೊಬ್ಬನ ಆಟದ ಫಿಲ್ಮ್ ಇರಬೇಕು. ಇಲ್ಲದಿದ್ದರೆ ಅಂಕಣದ ಪಕ್ಕ ಕೂತು ಅವನ ಆಟ ಕಂಡ ಒಬ್ಬರು, ಅವನ ತಂಡದವರಲ್ಲದವರು, ನೇರ ಪ್ರಸಾರಕ್ಕೆ ಬಂದು ತಮ್ಮ ಬಾಯಿಂದಲೇ ಹೇಳಬೇಕು. ಬರೆದು ಕಳಿಸಿದರೆ ನಡೆಯುವುದಿಲ್ಲ.

ನಾನು ಎಲ್ಲಿಗೆ ಬರುತ್ತಿದ್ದೇನೆಂದು ನಿಮಗೆ ಗೊತ್ತಾಗಿರಬೇಕು. ನಿಮ್ಮ ಮೆಚ್ಚಿನ ಆಟಗಾರ ಗುಬ್ಬಿಯ ಕಾಲದಲ್ಲಿ ಫಿಲ್ಮ್ ಇರಲಿಲ್ಲ, ನಿಮ್ಮ ಕಾಮೆಂಟರಿ ಮಾತ್ರ ಇತ್ತು. ಗುಬ್ಬಿಯೂ ಈಗಿಲ್ಲ. ನಿಮ್ಮ ಗಂಟಲಿನ ಆಪರೇಷನ್ ಆಗಿ, ಧ್ವನಿಪೆಟ್ಟಿಗೆ ತೆಗೆದು ಒಂದೂವರೆ ವರ್ಷವಾಯಿತು. ಕತ್ತಿಗೆ ಒತ್ತಿಕೊಂಡು ಮಾತಾಡಿ ಎಂದು ಡಾಕ್ಟರು ಕೊಟ್ಟ ಯಂತ್ರ ಇನ್ನೂ ಡ್ರಾಯರಿನಲ್ಲೇ ಮಲಗಿದೆಯೇ? ಅದನ್ನೊಮ್ಮೆ ಹೊರಗೆ ತೆಗೆಯುತ್ತೀರಾ? ನನಗಾಗಿ ಅಲ್ಲದಿದ್ದರೆ ಗುಬ್ಬಿಗಾಗಿ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿರುವ,
ನಿಮ್ಮ ಮಗಳು


ಜೂನ್ 11

ಪುಟ್ಟೀ,

ನಿನ್ನ ಕಾಗದ ಓದಿ ನಿಮ್ಮಮ್ಮ ಸಿಡುಕಿದಳು. "ನಾನೇನ್ ಸುಳ್ಳು ಹೇಳಿದ್ನಾ? ಅವಳು ಇಳಿದು ಹೋಗಿರೋದು ದನಿಯಲ್ಲೇ ಗೊತ್ತಾಗುತ್ತೆ" ಎನ್ನುತ್ತಾಳೆ. ಅದನ್ನು ನಾನು ಒಪ್ಪುವುದಿಲ್ಲ. ನಿನ್ನ ದನಿಗೆ ಏನೂ ಆಗಿಲ್ಲ. ಅವಸರ ಮಾತ್ರ ಸ್ವಲ್ಪ ಜಾಸ್ತಿ. ನಾನು ಹೇಳಿಕೊಟ್ಟ ಪಾಠ ನೆನಪಿದೆ ತಾನೆ? ಮೊದಲು ಚೆಂಡು, ಆಮೇಲೆ ಆಳು, ಕೊನೆಗೆ ಅಂಕ. ರೇಡಿಯೊ ಕೇಳುವವನಿಗೆ ಕಣ್ಣಿಲ್ಲ. ಚೆಂಡು ಎಲ್ಲಿದೆ ಎಂದು ಅವನಿಗೆ ಗೊತ್ತಾಗಿಬಿಟ್ಟರೆ ಉಳಿದದ್ದನ್ನು ಅವನೇ ಕಟ್ಟಿಕೊಳ್ಳುತ್ತಾನೆ.

ನೀನು ಕೇಳದಿದ್ದರೂ ನನ್ನ ಪಟ್ಟಿ ಹೇಳುತ್ತೇನೆ. ಹತ್ತರಿಂದ ಐದರವರೆಗೆ ಯಾರನ್ನಾದರೂ ಹಾಕಿಕೋ, ಅದು ಜಗಳಗಂಟರ ಪಾಲು. ನಾಲ್ಕನೆಯವನು ಗಡಿಯಾರ, ಒಂದು ದಿನವೂ ತಡವಾಗಲಿಲ್ಲ, ಒಂದು ದಿನವೂ ಯಾರನ್ನೂ ಬೆರಗುಗೊಳಿಸಲಿಲ್ಲ. ಮೂರನೆಯವನು ಕಳ್ಳ. ಎದುರಾಳಿಯ ಕೈಯಿಂದ ಚೆಂಡು ಹಾರಿಸುತ್ತಿದ್ದ ರೀತಿ ನೋಡಿದರೆ ನಾವು ಕಾಮೆಂಟರಿಯವರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆವು. ನಿಮ್ಮ ನಿರ್ಮಾಪಕರು ಅವನನ್ನೇ ಮೊದಲು ಹಾಕು ಎನ್ನುತ್ತಾರೆ, ನೋಡುತ್ತಿರು. ಎರಡನೆಯವರು ಮೇಷ್ಟ್ರು. ಅವರು ಓಡಿದ್ದನ್ನು ನಾನು ಕಂಡಿಲ್ಲ, ತಡವಾಗಿದ್ದನ್ನೂ ಕಂಡಿಲ್ಲ.

ಒಂದನೆಯವನು ಗುಬ್ಬಿ. ಆಳು ಉಳಿದವರ ಮೊಣಕೈಗೆ ಬರುತ್ತಿದ್ದ. ಚಡ್ಡಿಯ ದಾರ ಎರಡು ಸುತ್ತು ಸುತ್ತಿ ಕಟ್ಟಬೇಕು, ಅಷ್ಟು ಸಣಕಲ. ಆಟ ಶುರುವಾದ ಮೇಲೆ ಸುಮಾರು ಹೊತ್ತು ಅವನು ಅಲ್ಲಿದ್ದಾನೆ ಎಂಬುದೇ ಮರೆತುಹೋಗುತ್ತಿತ್ತು. ಆಮೇಲೆ ಒಂದು ವಿಷಯ ಗಮನಕ್ಕೆ ಬರುತ್ತಿತ್ತು: ಅವನ ತಂಡದ ಪೆದ್ದರೆಲ್ಲ ಇದ್ದಕ್ಕಿದ್ದಂತೆ ಜಾಣರಾಗಿದ್ದಾರೆ. ಚೆಂಡು ಹಿಡಿಯಲು ಬಾರದವನ ಕೈಗೂ ಅವನ ಚೆಂಡು ತಾನಾಗಿ ಬಂದು ಕೂರುತ್ತಿತ್ತು. ಕೊನೆಯ ಫೈನಲ್‌ನಲ್ಲಿ ಅವನು ಎಡಕ್ಕೆ, ಗ್ಯಾಲರಿಯ ಕಡೆ ನೋಡಿದ. ಅಲ್ಲಿ ಒಬ್ಬ ಹೆಂಗಸು ಮಗುವಿನ ಬೂಟಿನ ಲೇಸು ಕಟ್ಟುತ್ತಿದ್ದಳು. ಎದುರು ತಂಡದ ಐವರೂ, ನಾನೂ, ರೆಫ್ರಿಯೂ ಆ ಲೇಸನ್ನೇ ನೋಡಿದೆವು. ಚೆಂಡು ಬಲಕ್ಕೆ ಹೋಗಿತ್ತು. ಅದು ಹೋದ ಕಡೆ ಯಾರೂ ಇರಲಿಲ್ಲ. ಆಮೇಲೆ ಗುಬ್ಬಿಯ ತಂಡದ, ಕಂಬ ಎಂದು ನಾವೆಲ್ಲ ಕರೆಯುತ್ತಿದ್ದ ಆ ಉದ್ದನೆಯ ಆಸಾಮಿ ಅಲ್ಲಿಗೆ ಬಂದ, ತನ್ನ ಮನೆಗೆ ತಾನು ಬಂದಷ್ಟು ಸಲೀಸಾಗಿ. ಇವತ್ತಿಗೂ ನೆನೆಸಿಕೊಂಡರೆ ನನ್ನ ಮೈ ಜುಮ್ಮೆನ್ನುತ್ತದೆ.

ದುಂಬಿಯ ವಿಷಯ ಮಾತ್ರ ಎತ್ತಬೇಡ. ಆ ಯಂತ್ರಕ್ಕೆ ನಾನಿಟ್ಟ ಹೆಸರು ಅದು. ತಂದ ದಿನ ಅದನ್ನು ಕತ್ತಿಗೆ ಒತ್ತಿಕೊಂಡು ಒಳಮನೆಯಿಂದ ನಿಮ್ಮಮ್ಮನನ್ನು ಕರೆದೆ. ಅವಳು ಕಾಲಿಂಗ್ ಬೆಲ್ ಎಂದುಕೊಂಡು ಹೋಗಿ ಬಾಗಿಲು ತೆರೆದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ನಗುವಿಗೂ ಸದ್ದಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಅವತ್ತೇ ಅದನ್ನು ಡ್ರಾಯರಿಗೆ ಹಾಕಿದೆ. ಊರೆಲ್ಲ ಕೇಳಿ ಮೆಚ್ಚಿದ ದನಿಯ ಜಾಗದಲ್ಲಿ ಅದನ್ನು ಕೇಳಿಸುವ ಧೈರ್ಯ ನನಗಿಲ್ಲ. ಗುಬ್ಬಿಗೆ ಬೇರೆ ಸಾಕ್ಷಿ ಹುಡುಕು.

ಪ್ರೀತಿಯಿಂದ,
ಅಪ್ಪ


ಜೂನ್ 29

ಅಪ್ಪಾ,

ಹುಡುಕಿದೆ. ಅವತ್ತಿನ ರೆಫ್ರಿ ತೀರಿಕೊಂಡು ಬಹಳ ಕಾಲವಾಗಿದೆ. ಎದುರಾಳಿ ತಂಡದ ಇಬ್ಬರು ಸಿಕ್ಕರು. ಒಬ್ಬರಿಗೆ ಗುಬ್ಬಿಯ ಹೆಸರೇ ನೆನಪಿಲ್ಲ, ಇನ್ನೊಬ್ಬರಿಗೆ ತಾವು ಆಡಿದ್ದು ಮಾತ್ರ ನೆನಪಿದೆ. ಹಳೆಯ ಅಂಕಪಟ್ಟಿಗಳಲ್ಲಿ ನೋಡಿದರೆ ಗುಬ್ಬಿಯ ಲೆಕ್ಕ ತೀರಾ ಸಾಧಾರಣ. ನಿರ್ಮಾಪಕರು ಅದನ್ನು ನೋಡಿ, "ಇವ್ನು ಹತ್ತರೊಳಗೆ ಬಂದ್ರೆ ನಾನೂ ಬರ್ಬೋದು" ಎಂದರು. ನೀವು ಹೇಳಿದಂತೆ ಅವರು ಕಳ್ಳನನ್ನೇ ಮೊದಲ ಸ್ಥಾನಕ್ಕೆ ಹಾಕು ಎನ್ನುತ್ತಿದ್ದಾರೆ.

ತಂಡದವರ ಮಾತು ಸಾಕ್ಷಿಗೆ ಬರುವುದಿಲ್ಲ ಎಂದು ಗೊತ್ತಿದ್ದರೂ ಕಂಬ ಅವರನ್ನು ಕಾಣಲು ಹೋದೆ. ಟೈರ್ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ಬಾಗಿಲಿಗೆ ಈಗಲೂ ತಲೆ ಬಗ್ಗಿಸಿಯೇ ಬರುತ್ತಾರೆ. ನಾನು ನಿಮ್ಮ ಮಗಳೆಂದು ತಿಳಿದ ಕೂಡಲೇ ಕೈಯ ಮಸಿ ಒರೆಸಿಕೊಂಡು ಕುರ್ಚಿ ಎಳೆದು ಹಾಕಿದರು. ಆ ಪಾಸ್ ಬಗ್ಗೆ ಕೇಳಿದಾಗ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನೆನಪಿಲ್ದೆ ಏನಮ್ಮ. ಆದ್ರೆ ನಿಜ ಹೇಳ್ಬೇಕು ಅಂದ್ರೆ ನಂಗೆ ನೆನಪಿರೋದು ನಿಮ್ಮಪ್ಪನ ದನಿ. ಮಾರನೇ ದಿನ ರೇಡಿಯೊದಲ್ಲಿ ಅವ್ರು ಆ ಪಾಸ್ ಬಗ್ಗೆ ಬಿಡಿಸಿ ಹೇಳಿದ್ರಲ್ಲ, ಅದನ್ನ ಕೇಳಿದ ಮೇಲೇನೇ ನಾನೇನು ಮಾಡಿದೆ ಅಂತ ನಂಗೇ ಗೊತ್ತಾಗಿದ್ದು."

ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ. ಚೆಂಡು ಹಿಡಿದವನಿಗೇ ನೆನಪಿರುವುದು ಆಟವಲ್ಲ, ನಿಮ್ಮ ಮಾತು. ನಾನೂ ಅಷ್ಟೇ. ಕಾಣದ ಒಬ್ಬ ಮನುಷ್ಯನ ಆಟವನ್ನು ಚಿಕ್ಕಂದಿನಿಂದ ನಿಮ್ಮ ದನಿಯಲ್ಲೇ ನೋಡಿಕೊಂಡು ಬಂದೆ. ಕೇಳಬಾರದೇನೋ, ಆದರೂ ಕೇಳುತ್ತೇನೆ. ಗುಬ್ಬಿ ಅಷ್ಟು ದೊಡ್ಡವನಾಗಿದ್ದನೇ ಅಪ್ಪಾ, ಅಥವಾ ನೀವು ಅವನನ್ನು ದೊಡ್ಡವನನ್ನಾಗಿ ಮಾಡಿದಿರೇ?

ಉತ್ತರಕ್ಕೆ ಕಾಯುವ,
ನಿಮ್ಮ ಮಗಳು


ಆಗಸ್ಟ್ 20

ಮಗಳೇ,

ನಿಮ್ಮಪ್ಪ ಬರೆಯುತ್ತಾರೆ ಎಂದು ನೀನು ಕಾದು ಕಾದು ಸೋತಿರಬೇಕು, ಅದಕ್ಕೇ ನಾನು ಕೂತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅವರು ಅಲ್ಲೇ ಕಿವಿ ನೆಟ್ಟುಕೊಂಡು ಕೂತಿರುತ್ತಾರೆ.

ನಿನ್ನ ಕಾಗದ ಬಂದ ದಿನ ಓದಿ ಮಡಿಸಿ ರೇಡಿಯೊದ ಕೆಳಗೆ ಇಟ್ಟರು. ಆಮೇಲೆ ಹೋಗಿ ಕುಂಡದ ಗಿಡಕ್ಕೆ ನೀರು ಹಾಕಿದರು, ಗಿಡ ತೇಲುವಷ್ಟು. "ಏನ್ ಬರ್ದಿದಾಳೆ ಅಷ್ಟು ಬೇಜಾರಾಗೋ ಹಾಗೆ?" ಅಂದೆ. ಸ್ಲೇಟು ತೆಗೆದುಕೊಂಡು 'ಕೇಳಬೇಕಾದ್ದನ್ನೇ ಕೇಳಿದ್ದಾಳೆ' ಎಂದು ಬರೆದರು. ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ನೀನು ಕೇಳಿದ್ದಕ್ಕೆ ಅವರ ಹತ್ತಿರ ಉತ್ತರವಿಲ್ಲ. ದನಿಯಂತೂ ಹೋಯಿತು, ಈಗ ಆ ದನಿಯಲ್ಲಿ ಹೇಳಿದ್ದೂ ಸುಳ್ಳಾಗಿದ್ದರೆ ತನಗೇನು ಉಳಿಯಿತು ಎಂಬ ಕೊರಗು ಹತ್ತಿದೆ. ಬಾಯಿ ಬಿಟ್ಟು ಹೇಳುವ ಹಾಗಿಲ್ಲವಲ್ಲ, ಮುಖ ನೋಡಿ ತಿಳಿದುಕೊಳ್ಳಬೇಕು.

ಆದರೆ ನಿನ್ನ ಪಂದ್ಯ ಒಂದನ್ನೂ ಬಿಟ್ಟಿಲ್ಲ. ಅಡುಗೆಮನೆಯ ರೇಡಿಯೊ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನೀನು ಹೇಳುವುದಕ್ಕೆ ಸರಿಯಾಗಿ ತುಟಿ ಆಡಿಸುತ್ತಾರೆ. ಕಳೆದ ಶನಿವಾರ ನಿಮ್ಮಲ್ಲಿ ಹೊಸದಾಗಿ ಬಂದಿರುವ ಸೂಜಿ ಎನ್ನುವವನ ಬಗ್ಗೆ ಹೇಳುವಾಗ ನೀನು ತಡವರಿಸಿದೆಯಲ್ಲ, ಆಗ ತಟ್ಟೆ ಬಿಟ್ಟು ಎದ್ದು ನಿಂತುಬಿಟ್ಟರು. ಕಣ್ಣು ತುಂಬಿಕೊಂಡಿತ್ತು. "ಅವಳು ತಪ್ಪು ಹೇಳಿದ್ಲು ಅಂತ ಬೇಜಾರಾ?" ಅಂದೆ. ಅಲ್ಲ ಎಂದು ತಲೆಯಾಡಿಸಿದರು. ಸ್ಲೇಟು ಕೊಟ್ಟರೆ ಅದನ್ನು ಬದಿಗಿಟ್ಟು ರೇಡಿಯೊದ ಸದ್ದು ಏರಿಸಿದರು. ನನಗಂತೂ ಇವರ ಆಟ ತಿಳಿಯುವುದಿಲ್ಲ. ಅದೊಂದು ಪ್ರಶ್ನೆಗೆ ನೀನೇ ಏನಾದರೂ ದಾರಿ ಹುಡುಕು.

ಇಂತಿ,
ನಿನ್ನನ್ನು ದನಿಯಲ್ಲೇ ಅಳೆಯುವ ಅಮ್ಮ


ಆಗಸ್ಟ್ 30

ಅಪ್ಪಾ,

ಆ ಶನಿವಾರದಿಂದಲೇ ಶುರು ಮಾಡುತ್ತೇನೆ. "ಚೆಂಡು ಸೂಜಿಯ ಕೈಯಲ್ಲಿ, ನಿಂತಿದ್ದಾನೆ, ಯೋಚಿಸುತ್ತಿದ್ದಾನೆ" ಎಂದು ನಾನು ಹೇಳುತ್ತಿರುವಾಗಲೇ ಕ್ರೀಡಾಂಗಣ ಹೋ ಎಂದಿತು. ಚೆಂಡು ಆಗಲೇ ಬುಟ್ಟಿಯಿಂದ ಕೆಳಗೆ ಬೀಳುತ್ತಿತ್ತು. "ಅಲ್ಲ, ಚೆಂಡು ಅವನ ಕೈಯಲ್ಲಿಲ್ಲ" ಎಂದೆ. ಅದಕ್ಕಿಂತ ಮುಂದೆ ಮಾತೇ ಹೊರಡಲಿಲ್ಲ. ಪಂದ್ಯ ಮುಗಿದ ಮೇಲೆ ನಿರ್ಮಾಪಕರು, "ಚೆಂಡು ಎಲ್ಲಿದೆ ಅಂತ ಹೇಳೋಕೇ ಅಲ್ವೇನಮ್ಮ ನಿನ್ನ ಅಲ್ಲಿ ಕೂರ್ಸಿರೋದು?" ಎಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಅಂಥ ತಪ್ಪು ಮಾಡಿದವಳಲ್ಲ.

ನೀವು ಒಮ್ಮೆಯೂ ತಪ್ಪಿಲ್ಲ ಎಂದು ಇಲ್ಲಿಯ ಹಳಬರು ಹೇಳುತ್ತಾರೆ. ಅದು ಹೇಗೆಂದು ಕಲಿಯೋಣವೆಂದು ನೆಲಮಾಳಿಗೆಯ ಟೇಪುಗಳ ಕೋಣೆಗೆ ಹೋದೆ. ಅಲ್ಲಿ ಒಂದೇ ಕುರ್ಚಿ, ಒಂದು ಕಾಲು ಗಿಡ್ಡ. ಬಿಡುವಾದಾಗಲೆಲ್ಲ ಅದರ ಮೇಲೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಮ್ಮನ್ನು ಕೇಳಿದೆ. ಮೇಷ್ಟ್ರ ಪಂದ್ಯ, ಕಳ್ಳನ ಪಂದ್ಯ, ಗಡಿಯಾರದ ಪಂದ್ಯ. ಎಂಥ ದನಿ ಅಪ್ಪಾ ಅದು. ಚೆಂಡಿನ ಹಿಂದೆ ಅಲ್ಲ, ಚೆಂಡಿನ ಜೊತೆಗೇ ಹೋಗುತ್ತದೆ. ಎಲ್ಲೂ ಒಂದು ತಿದ್ದುಪಡಿ ಇಲ್ಲ.

ಆಮೇಲೆ ಗುಬ್ಬಿಯ ಟೇಪು ಹಾಕಿದೆ. ಮೊದಲ ಸಲ ಟೇಪು ಹಾಳಾಗಿದೆ ಎಂದುಕೊಂಡೆ. "ಚೆಂಡು ಗುಬ್ಬಿಯ ಬಳಿ, ಅಲ್ಲ, ಕ್ಷಮಿಸಿ, ಆಚೆ ಮೂಲೆಯಲ್ಲಿದೆ." ಇನ್ನೊಂದು ಟೇಪು. "ಗುಬ್ಬಿ ಬಲಕ್ಕೆ ಕೊಡುತ್ತಾನೆ. ಇಲ್ಲ, ಕೊಟ್ಟಾಯಿತು, ಎಡಕ್ಕೆ." ಬೇರೆ ಯಾರ ಕೈಗೆ ಚೆಂಡು ಬಂದರೂ ನೀವು ತಪ್ಪುವುದಿಲ್ಲ. ಅವನ ಕೈಗೆ ಬಂದಾಗ ಮಾತ್ರ ತಪ್ಪುತ್ತೀರಿ, ಪಂದ್ಯದಿಂದ ಪಂದ್ಯಕ್ಕೆ, ವರ್ಷದಿಂದ ವರ್ಷಕ್ಕೆ. ಕೊನೆಗೆ ಆ ಫೈನಲ್. "ಗುಬ್ಬಿ ನಿಂತಿದ್ದಾನೆ, ಎಡಕ್ಕೆ ನೋಡುತ್ತಿದ್ದಾನೆ, ಅಲ್ಲ, ಚೆಂಡು ಅವನ ಕೈಯಲ್ಲಿಲ್ಲ." ಅಷ್ಟೇ. ಆಮೇಲೆ ನೀವು ಇಲ್ಲ. ಜನರ ಕೂಗು ಒಂದೇ ಕೇಳುತ್ತದೆ, ಏನಾಯಿತೆಂದು ಹೇಳುವವರಿಲ್ಲ. ಆ ಗಿಡ್ಡ ಕಾಲಿನ ಕುರ್ಚಿಯ ಮೇಲೆ ಅಲುಗಾಡದೆ ಕೂತಿದ್ದೆ. ನನಗೆ ಅಳು ಬಂತು, ಬೆರಗಿಗೆ ಬಂದ ಅಳು.

ನಾನು ಕೇಳಿದ ಪ್ರಶ್ನೆಗೆ ಉತ್ತರ ಆ ಕೋಣೆಯಲ್ಲೇ ಇತ್ತು. ಕಟ್ಟಿ ಹೇಳುವವನು ತಪ್ಪುವುದಿಲ್ಲ ಅಪ್ಪಾ. ತನ್ನದೇ ಕಥೆಯಲ್ಲಿ ಯಾರಾದರೂ ಮೋಸಹೋಗುತ್ತಾರೆಯೇ? ನೀವು ಗುಬ್ಬಿಯನ್ನು ಮಾಡಲಿಲ್ಲ. ಅವನು ನಿಮ್ಮ ಕಣ್ಣೆದುರೇ ಇದ್ದ, ನಿಮ್ಮ ಕಣ್ಣನ್ನೂ ದಾಟಿ ಆಡಿದ.

ನಿರ್ಮಾಪಕರಿಗೆ ಕೇಳಿಸಿದೆ. ಎರಡು ಸಲ ಹಾಕಿಸಿಕೊಂಡರು. "ಟೇಪು ಚೆನ್ನಾಗಿದೆ. ಆದ್ರೆ ಟೇಪನ್ನ ಯಾರೂ ಪ್ರಶ್ನೆ ಕೇಳೋಕಾಗಲ್ಲ. ನಿಯಮ ನಿಯಮಾನೇ" ಎಂದರು. ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಪ್ರಸಾರ. ನನ್ನದು ಬಿಡಿ, ಅವಸರದ ತಪ್ಪು. ನಿಮ್ಮ ತಪ್ಪಿನಷ್ಟು ದೊಡ್ಡ ಸಾಕ್ಷಿ ಮಾತ್ರ ನಾನು ಕಂಡಿಲ್ಲ. ಅದನ್ನು ನೀವೇ ಬಂದು ಹೇಳಬೇಕು.

ತಲೆಬಾಗಿ,
ನಿಮ್ಮ ಮಗಳು


ಸೆಪ್ಟೆಂಬರ್ 8

ಪುಟ್ಟೀ,

ನನ್ನ ದನಿಯನ್ನು ನಾನೇ ಕೂತು ಕೇಳುವ ಚಟ ನನಗಿರಲಿಲ್ಲ. ತಪ್ಪಿದ್ದೆಲ್ಲ ಆವತ್ತಿಗೇ ಮರೆತುಹೋಗಿತ್ತು. ನೆನಪಿನಲ್ಲಿ ಉಳಿದದ್ದು ಗುಬ್ಬಿಯ ಆಟ ಮಾತ್ರ, ಅದೂ ವರ್ಷ ಕಳೆದಂತೆ ಬೆಳೆಯುತ್ತಾ ಹೋಯಿತು. ಎಷ್ಟು ಅವನದು, ಎಷ್ಟು ನನ್ನದು ಎಂದು ನನಗೇ ತಿಳಿಯದೆ ಹೋಗಿತ್ತು. ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನಿಮ್ಮಮ್ಮನಿಗೂ ಓದಿಸಿದೆ. "ಅಂದ್ರೆ ನೀವು ತಪ್ಪು ಮಾಡಿದ್ದಕ್ಕೆ ಎಲ್ಲರೂ ಖುಷಿಯಾಗಿದೀರಾ?" ಎಂದಳು. ಹೂಂ ಎಂದು ತಲೆಯಾಡಿಸಿದೆ.

ದುಂಬಿ ಡ್ರಾಯರಿನಿಂದ ಹೊರಗೆ ಬಂದಿದೆ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತೇನೆ. ಮೊದಮೊದಲು ನನ್ನ ಮಾತು ನನಗೇ ಅರ್ಥವಾಗಲಿಲ್ಲ. ನಿಮ್ಮಮ್ಮ ಈಗ ಬಾಗಿಲ ಕಡೆ ಓಡುವುದನ್ನು ಬಿಟ್ಟಿದ್ದಾಳೆ. ನಿನ್ನೆ ನಿಜವಾಗಿಯೂ ಬೆಲ್ ಆದಾಗ, "ಏನ್ರೀ, ಬಂದೆ" ಎಂದು ನನ್ನ ಹತ್ತಿರ ಬಂದಳು.

ಅಷ್ಟು ದೂರದ ಪ್ರಯಾಣ ಈ ಮೈಗೆ ಆಗದು. ಫೋನ್ ಮಾಡಿ, ಮಾತಾಡುತ್ತೇನೆ. ಆದರೆ ನನ್ನ ದನಿಗೆ ಯಾರೂ ಪೀಠಿಕೆ ಹಾಕಬಾರದು, ಪಾಪ ಎನ್ನಬಾರದು. ಇನ್ನೊಂದು ವಿಷಯ. ನನ್ನ ಪಟ್ಟಿಯಲ್ಲಿ ಒಂದು ಬದಲಾವಣೆ ಇದೆ. ಅದನ್ನು ಅಲ್ಲೇ ಹೇಳುತ್ತೇನೆ, ಈಗ ಕೇಳಬೇಡ.

ಅಭ್ಯಾಸದಲ್ಲಿರುವ,
ಅಪ್ಪ


ಸೆಪ್ಟೆಂಬರ್ 23

ಅಪ್ಪಾ,

ನೀವು ಮಾತಾಡಿದ್ದು ನಿಮಗೆ ಗೊತ್ತು. ಫೋನಿನ ಈ ಕಡೆ, ಸ್ಟುಡಿಯೊದಲ್ಲಿ ಏನಾಯಿತೆಂಬುದು ಗೊತ್ತಿಲ್ಲವಲ್ಲ, ಅದನ್ನು ಹೇಳುತ್ತೇನೆ.

ನಿಮ್ಮ ಮೊದಲ ಮಾತು ಬಂದಾಗ ನಮ್ಮ ತಾಂತ್ರಿಕ ಸಹಾಯಕ ಲೈನಿನಲ್ಲಿ ದೋಷ ಎಂದುಕೊಂಡು ತಂತಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದುಕೊಂಡೆ. ಎರಡನೆಯ ಮಾತಿಗೆ ಅವನು ಕುರ್ಚಿಯಲ್ಲಿ ನೆಟ್ಟಗಾದ. ಗುಬ್ಬಿ ಎಡಕ್ಕೆ ನೋಡಿದ್ದು, ಆ ಹೆಂಗಸು, ಬೂಟಿನ ಲೇಸು, ಯಾರೂ ಇಲ್ಲದ ಕಡೆಗೆ ಹೋದ ಚೆಂಡು. ಏರಿಳಿತವೇ ಇಲ್ಲದ, ಗುಂಯ್‌ಗುಡುವ ಆ ದನಿಯಲ್ಲೂ ಚೆಂಡು ಎಲ್ಲಿದೆಯೆಂದು ನಮಗೆಲ್ಲ ಕಂಡಿತು. ಹೆಂಗಸರ ತಂಡದ ಸುದ್ದಿ ಓದಲು ಬಂದಿದ್ದವರು, ಕಾರಿಡಾರ್ ಒರೆಸುತ್ತಿದ್ದವರು, ಎಲ್ಲರೂ ಸ್ಟುಡಿಯೊದ ಗಾಜಿಗೆ ಮುಖ ಹಚ್ಚಿ ನಿಂತಿದ್ದರು. ನಿರ್ಮಾಪಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಅವರು, "ಹಾಗಾದ್ರೆ ಒಂದನೇ ಸ್ಥಾನ ಗುಬ್ಬಿಗೆ. ಅಲ್ವಾ ಸಾರ್?" ಎಂದು ಕೇಳಿದರು. ನೀವು, "ಅಲ್ಲ. ಗುಬ್ಬಿ ಎರಡು. ಒಂದು ಸೂಜಿ" ಎಂದಿರಿ. ನಾನು ಕೈಲಿದ್ದ ಪೆನ್ನು ಕೆಳಗೆ ಬೀಳಿಸಿದೆ. ಅವರೂ ತಬ್ಬಿಬ್ಬಾದರು. "ಅವ್ನು ಇನ್ನೂ ಹೊಸಬ ಸಾರ್. ನೀವು ಅವನ ಆಟ ನೋಡಿದೀರಾ?"

"ನೋಡಿಲ್ಲ. ಕೇಳಿದೀನಿ" ಎಂದಿರಿ. ಆಮೇಲೆ ಆ ಮಾತು. ಬರೆದಿಟ್ಟುಕೊಂಡಿದ್ದೇನೆ. "ಗುಬ್ಬಿ ನನ್ನ ಕಣ್ಣಿಗೆ ಮಣ್ಣೆರಚಿದ್ದು ದೊಡ್ಡ ವಿಷಯ ಅಲ್ಲ. ನಂದು ಸಾಧಾರಣ ಕಣ್ಣು. ಸೂಜಿ ಮಣ್ಣೆರಚಿದ್ದು ನನ್ನ ಮಗಳ ಕಣ್ಣಿಗೆ. ಅವಳ ಕಣ್ಣಿಂದ ಚೆಂಡು ತಪ್ಪಿಸೋನು ಇನ್ನೂ ಹುಟ್ಟಿಲ್ಲ ಅಂದ್ಕೊಂಡಿದ್ದೆ."

ಈಗ ನಾನು ಮಾತಾಡಬೇಕಿತ್ತು. ಮೈಕಿನ ಕೆಂಪು ದೀಪ ಉರಿಯುತ್ತಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ, ಏನೂ ಬರಲಿಲ್ಲ. ಸಹಾಯಕ ಗಾಬರಿಯಿಂದ ಕೈ ಬೀಸಿದ. ಆಕಾಶವಾಣಿಯವರಿಗಾಗಲಿ ನಮಗಾಗಲಿ ಪ್ರಸಾರದಲ್ಲಿ ಮೌನಕ್ಕಿಂತ ದೊಡ್ಡ ಅಪರಾಧವಿಲ್ಲ ಎಂದು ನೀವೇ ಹೇಳಿಕೊಟ್ಟದ್ದು. ಆಗ ಲೈನಿನಲ್ಲಿ ದುಂಬಿ ಮತ್ತೆ ಗುಂಯ್‌ಗುಟ್ಟಿತು. "ಪುಟ್ಟೀ. ಚೆಂಡು ಆಯ್ತು, ಆಳು ಆಯ್ತು. ಅಂಕ ಹೇಳು."

ಪಟ್ಟಿ ಓದಿದೆ. ಹತ್ತರಿಂದ ಮೂರರವರೆಗೆ ಹೇಗೆ ಓದಿದೆನೋ ಗೊತ್ತಿಲ್ಲ. ಎರಡು ಸೂಜಿ, ಒಂದು ಗುಬ್ಬಿ. ನಿಮ್ಮ ಮಾತಿಗೆ ಎದುರಾಡಿದೆ ಎಂದು ಕೋಪಿಸಿಕೊಳ್ಳಬೇಡಿ. ಪಟ್ಟಿ ನನ್ನದು, ನನಗೆ ನನ್ನ ಕಣ್ಣಿಗಿಂತ ನಿಮ್ಮ ಕಣ್ಣಿನ ಮೇಲೆ ನಂಬಿಕೆ ಹೆಚ್ಚು. ಅಪ್ಪ ಸರಿಯೋ ಮಗಳು ಸರಿಯೋ ಎಂದು ಜನ ಆವತ್ತಿನಿಂದ ಫೋನ್ ಮಾಡುತ್ತಲೇ ಇದ್ದಾರೆ. ಜಗಳ ಜೋರಾಗಿದೆ, ನಿರ್ಮಾಪಕರು ಖುಷಿಯಾಗಿದ್ದಾರೆ. ಕಂಬ ಅವರೂ ಮಾಡಿದ್ದರು. "ನಿಮ್ಮಪ್ಪನ ದನಿ ಹಂಗೇ ಇದೆ ಕಣಮ್ಮ" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಈ ಭಾನುವಾರ ಬೆಳಗ್ಗೆ ಫೋನ್ ಮಾಡುತ್ತೇನೆ. ಅಮ್ಮನಿಗೆ ಎತ್ತಬೇಡ ಅನ್ನಿ.

ನಿಮ್ಮ ಮಗಳು